ಹಡಗಿಗೆ ಕಾನೂನು, ವಿಮಾನಕ್ಕೆ ಕಾನೂನು, ಕುರಿಗಾಹಿಗೆ ಮಾತ್ರ ರೀಚಾರ್ಜು

2023ರ ಜೂನ್ 16ರ ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ನಮ್ಮ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ಕೇಂದ್ರದಿಂದ 'ತಪಸ್' ಎಂಬ ಪೈಲಟ್ ಇಲ್ಲದ ವಿಮಾನ ಮೇಲೆದ್ದಿತು. 20,000 ಅಡಿ ಎತ್ತರದಲ್ಲಿ ಪಶ್ಚಿಮಕ್ಕೆ ಹಾರಿತು. ಇಲ್ಲಿಂದ ಕಾರವಾರದ ನೌಕಾನೆಲೆಗೆ 285 ಕಿ.ಮೀ. ಆ ನೆಲೆಯಿಂದ 148 ಕಿ.ಮೀ. ದೂರದ ಸಮುದ್ರದಲ್ಲಿ 'ಐಎನ್‌ಎಸ್ ಸುಭದ್ರಾ' ಹಡಗಿತ್ತು. ವಿಮಾನದ ಲಗಾಮನ್ನು ನೆಲದ ಮೇಲಿನವರು ಹಡಗಿನವರ ಕೈಗೆ ಕೊಟ್ಟರು. ಹಡಗಿನಲ್ಲಿ ಕೂತವರು 40 ನಿಮಿಷ ಅದನ್ನು ಓಡಿಸಿದರು. ಒಟ್ಟು ಮೂರೂವರೆ ಗಂಟೆ ಹಾರಿದ ವಿಮಾನ ಮತ್ತೆ ನಮ್ಮ ಕಾವಲಿಗೇ ಬಂದು ಇಳಿಯಿತು.

ಇದು ಹೆಮ್ಮೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾವಲಿನ ಆಸುಪಾಸಿನಲ್ಲಿ ಕುರಿ ಮೇಯಿಸುವವನಿಗೆ ಹಾವು ಕಚ್ಚಿದರೆ ಅವನ ಫೋನಿನಿಂದ 108ಕ್ಕೆ ಕರೆ ಹೋಗುತ್ತದೆಯೇ? ಹೋಗಬಹುದು, ಹೋಗದೆಯೂ ಇರಬಹುದು. ಎತ್ತರದ ಬಂಡೆ ಸಿಕ್ಕಿ, ಟವರಿಗೆ ಕರೆಂಟು ಇದ್ದು, ಸಿಮ್ಮಿನಲ್ಲಿ ವ್ಯಾಲಿಡಿಟಿ ಉಳಿದಿದ್ದರೆ ಹೋದೀತು. ಇಲ್ಲಿಂದ ಅರಬ್ಬೀ ಸಮುದ್ರದ ಹಡಗಿಗೆ ಮಾತು ಮುಟ್ಟುತ್ತದೆ, ಚಳ್ಳಕೆರೆಯ ಆಸ್ಪತ್ರೆಗೆ ಮುಟ್ಟುವ ಖಾತರಿ ಇಲ್ಲ.

ಈಗ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಜೋರಾಗಿ ಓಡಾಡುತ್ತಿದೆ: 'ಸ್ಯಾಟಲೈಟ್ ಇಂಟರ್ನೆಟ್ ಬರ್ತಾ ಇದೆ, ಇನ್ನು ಹಳ್ಳಿಗಳ ನೆಟ್‌ವರ್ಕ್ ತಾಪತ್ರಯ ಮುಗೀತು.' ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ಒನ್‌ವೆಬ್‌ಗೂ ಜಿಯೋದ ಉಪಗ್ರಹ ಕಂಪನಿಗೂ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಯಾವ ಕಂಪನಿ ಎಷ್ಟು ಸ್ಪೀಡು, ಯಾವುದು ಎಷ್ಟು ಅಗ್ಗ ಅಂತ ಹೋಲಿಸುವ ವಿಡಿಯೊಗಳಿಗೆ ಬರವಿಲ್ಲ.

ನಾನು ಹೇಳುವುದಿಷ್ಟೇ. ಆ ಹೋಲಿಕೆಯಿಂದ ನಮಗೆ ಹೊಟ್ಟೆ ತುಂಬುವುದಿಲ್ಲ. ಹಡಗು ಮತ್ತು ವಿಮಾನಗಳು ಉಪಗ್ರಹದ ಮೂಲಕ ಮಾತಾಡಲು ಶುರುಮಾಡಿ ದಶಕಗಳೇ ಆದವು. ಅವುಗಳ ಕಥೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಜೀವ ಉಳಿಸಿದ್ದು ಸ್ಪೀಡಲ್ಲ, ಕಾನೂನು. 'ಇವನು ಕೂಗಿದರೆ ನೀನು ಕೇಳಿಸಿಕೊಳ್ಳಲೇಬೇಕು' ಎಂದು ಯಾರದೋ ತಲೆಯ ಮೇಲೆ ಹೊಣೆ ಹೊರಿಸಿದ ಕಾನೂನು. ನಾವು ಕೇಳಬೇಕಾದ್ದೂ ಅದನ್ನೇ.

ಯಾವ ಉಪಗ್ರಹ ಏನು ಮಾಡುತ್ತದೆ

ಮೊದಲು ಲೆಕ್ಕ ನೋಡೋಣ. ಇದು ಕಷ್ಟದ ವಿಜ್ಞಾನವೇನಲ್ಲ.

ರೇಡಿಯೊ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿ ದುಂಡಗಿದೆ. ಹಾಗಾಗಿ ನೆಲದ ಮೇಲಿನ ಟವರು ಕೆಲವೇ ಮೈಲಿ ಮುಟ್ಟುತ್ತದೆ. 20,000 ಅಡಿ ಮೇಲಿರುವ ವಿಮಾನವೂ ಸುಮಾರು 300 ಕಿ.ಮೀ. ದಾಟಿದರೆ ನೆಲದವನಿಗೆ ದಿಗಂತದ ಕೆಳಗೆ ಮರೆಯಾಗುತ್ತದೆ. ಅದರಾಚೆ ಸಂಪರ್ಕ ಬೇಕೆಂದರೆ ಒಂದೋ ಮಧ್ಯದಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಬೇಕು, ತಪಸ್ ವಿಮಾನವನ್ನು ಹಡಗಿಗೆ ಒಪ್ಪಿಸಿದ ಹಾಗೆ. ಇಲ್ಲವೇ ಆಕಾಶದಲ್ಲೇ ಒಂದು ಟವರು ನಿಲ್ಲಿಸಬೇಕು. ಉಪಗ್ರಹ ಅಂದರೆ ಆಕಾಶದ ಟವರು.

ಮೊದಲ ಬಗೆ, ದೂರದ ಉಪಗ್ರಹ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿ ತಿರುಗಿದಷ್ಟೇ ವೇಗದಲ್ಲಿ ತಿರುಗುತ್ತದೆ. ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನಿಮ್ಮ ಮನೆಯ ಟಿವಿ ಡಿಷ್ ನೋಡುವುದು ಇಂಥದ್ದನ್ನೇ. ಮೂರು ನಾಲ್ಕು ಉಪಗ್ರಹ ಇದ್ದರೆ ಧ್ರುವದ ಕಡೆಯ ಜಾಗ ಬಿಟ್ಟು ಇಡೀ ಭೂಮಿಯನ್ನು ಆವರಿಸಬಹುದು. ತೊಂದರೆ ಏನೆಂದರೆ, ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಬೇಕು. ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು. ಹಡಗುಗಳಿಗೆಂದೇ 1979ರಲ್ಲಿ ಹುಟ್ಟಿದ ಇನ್‌ಮಾರ್‌ಸ್ಯಾಟ್ ಈ ಬಗೆಯದು. ಇಸ್ರೊದ ಜಿಸ್ಯಾಟ್‌ಗಳೂ ಇದೇ ಬಗೆ. ಅವುಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ.

ಎರಡನೇ ಬಗೆ, ಹತ್ತಿರದ ಉಪಗ್ರಹ. ಇರಿಡಿಯಂ ಕಂಪನಿಯ 66 ಉಪಗ್ರಹಗಳು 780 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ. ಒಂದು ಮುಳುಗುವಷ್ಟರಲ್ಲಿ ಇನ್ನೊಂದು ಮೇಲೆದ್ದಿರುತ್ತದೆ. ಧ್ರುವದಲ್ಲೂ ಸಿಗ್ನಲ್ ಸಿಗುತ್ತದೆ. ಅಂಗೈಯಲ್ಲಿ ಹಿಡಿಯುವ ಫೋನು ಸಾಕು, ಆದರೆ ಡೇಟಾ ಕಡಿಮೆ. ಸ್ಟಾರ್‌ಲಿಂಕ್ ಇನ್ನೂ ಹತ್ತಿರ, ಸುಮಾರು 550 ಕಿ.ಮೀ. ಅದಕ್ಕೆ ಸಾವಿರಾರು ಉಪಗ್ರಹ ಬೇಕು. ಸಿನಿಮಾ ನೋಡುವಷ್ಟು ವೇಗ ಸಿಗುತ್ತದೆ. ಆದರೆ ಅಂಥ ವೇಗಕ್ಕೆ ಡಿಷ್ ಬೇಕು, ಡಿಷ್‌ಗೆ ಕರೆಂಟು ಬೇಕು. ಕುರಿ ಹಿಂದೆ ಹೋಗುವವನು ಡಿಷ್ ತಲೆ ಮೇಲೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ.

ಮೂರನೆಯದರ ಬಗ್ಗೆ ಯಾವ ವಿಡಿಯೊದಲ್ಲೂ ಮಾತಿಲ್ಲ. ಅದರ ಹೆಸರು ಕಾಸ್ಪಾಸ್-ಸಾರ್ಸ್ಯಾಟ್. ಅಮೆರಿಕ, ಆಗಿನ ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಶುರುಮಾಡಿದ್ದು. ಶೀತಲ ಸಮರದ ಕಾಲದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇದೊಂದಕ್ಕೆ ಕೈಜೋಡಿಸಿದರು. 1982ರಿಂದ ಜೀವ ಉಳಿಸುತ್ತಿದೆ. ಹಡಗು ಮುಳುಗಿದರೆ, ವಿಮಾನ ಬಿದ್ದರೆ, ಅದರಲ್ಲಿರುವ ಪುಟ್ಟ ಪೆಟ್ಟಿಗೆ ತಾನಾಗಿಯೇ 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತದೆ. ಉಪಗ್ರಹ ಅದನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಭಾರತದ ಪಾಲಿಗೆ ಆ ಕೂಗು ಬಂದು ಸೇರುವ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರ್ಯಾಕ್‌ನಲ್ಲಿ.

ಇದರಲ್ಲಿ ಮಾತಾಡಲು ಬರುವುದಿಲ್ಲ, ಫೋಟೊ ಕಳಿಸಲು ಬರುವುದಿಲ್ಲ. 'ನಾನು ಇಂಥವನು, ಇಲ್ಲಿದ್ದೇನೆ, ಕಾಪಾಡಿ' ಇಷ್ಟೇ. ಸ್ಪೀಡಿನ ಪಟ್ಟಿಯಲ್ಲಿ ಇದಕ್ಕೆ ಕಟ್ಟಕಡೆಯ ಜಾಗ. ಆದರೆ ಕೂಗಿಗೆ ದುಡ್ಡು ಕೇಳುವವರಿಲ್ಲ. ತಿಂಗಳ ಪ್ಲಾನಿಲ್ಲ, ರೀಚಾರ್ಜಿಲ್ಲ. ಅಪಾಯದಲ್ಲಿ ಇರುವವನ ಹತ್ತಿರ ಬ್ಯಾಲೆನ್ಸ್ ಎಷ್ಟಿದೆ ಅಂತ ನೋಡಬಾರದು ಎಂದು ನಾಲ್ಕು ಸರ್ಕಾರಗಳು ಒಪ್ಪಿ ಕಟ್ಟಿದ ವ್ಯವಸ್ಥೆ ಅದು.

ರೇಡಿಯೊ ಇತ್ತು, ಕೇಳುವವನು ಮಲಗಿದ್ದ

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಕಥೆ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಸುಮಾರು 1,500 ಜನ ಸತ್ತರು. ಸಿನಿಮಾ ನೋಡಿದ ಎಷ್ಟೋ ಜನರ ಗಮನಕ್ಕೆ ಬಾರದ ವಿಷಯ ಇನ್ನೊಂದಿದೆ. ಟೈಟಾನಿಕ್‌ನಲ್ಲಿ ಆ ಕಾಲದ ಅತ್ಯುತ್ತಮ ವೈರ್‌ಲೆಸ್ ಇತ್ತು, ಅದು ಕೂಗುತ್ತಲೇ ಇತ್ತು. ಹತ್ತಿರದಲ್ಲಿದ್ದ 'ಕ್ಯಾಲಿಫೋರ್ನಿಯನ್' ಹಡಗಿನಲ್ಲೂ ವೈರ್‌ಲೆಸ್ ಇತ್ತು. ಆದರೆ ಅಲ್ಲಿದ್ದದ್ದು ಒಬ್ಬನೇ ಆಪರೇಟರ್. ಅವನು ಡ್ಯೂಟಿ ಮುಗಿಸಿ ಮಲಗಿದ್ದ. ಅವನದು ತಪ್ಪೆನ್ನಲೂ ಆಗದು. ರಾತ್ರಿ ಎದ್ದು ಕೂತು ಕೇಳಬೇಕೆಂಬ ನಿಯಮವೇ ಇರಲಿಲ್ಲ. ದೂರದಲ್ಲಿದ್ದ 'ಕಾರ್ಪೇಥಿಯಾ' ಕೂಗು ಕೇಳಿ ಓಡಿ ಬಂದು ಸುಮಾರು 700 ಜನರನ್ನು ಎತ್ತಿಕೊಂಡಿತು.

ಎರಡು ವರ್ಷದೊಳಗೆ, 1914ರಲ್ಲಿ, ದೇಶಗಳು ಕೂತು ಸಮುದ್ರದ ಮೇಲೆ ಜೀವರಕ್ಷಣೆಯ ಒಪ್ಪಂದ ಮಾಡಿಕೊಂಡವು. ಅದನ್ನು ಸೋಲಾಸ್ ಅನ್ನುತ್ತಾರೆ. ಮುಂದೆ ಅದು ಬೆಳೆಯುತ್ತಾ ಬಂತು. 1999ರ ಫೆಬ್ರವರಿ 1ರಿಂದ ಹಡಗುಗಳ ಅಪಾಯ ಸಂಪರ್ಕಕ್ಕೆ ಜಿಎಂಡಿಎಸ್‌ಎಸ್ ಎಂಬ ಜಾಗತಿಕ ವ್ಯವಸ್ಥೆ ಪೂರ್ತಿಯಾಗಿ ಕಡ್ಡಾಯವಾಯಿತು. ಅಂತರರಾಷ್ಟ್ರೀಯ ಯಾನ ಮಾಡುವ ಪ್ರಯಾಣಿಕ ಹಡಗು, 300 ಟನ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗು, ಯಾವುದೇ ದೇಶದ್ದಿರಲಿ, ಅಪಾಯದ ಕೂಗು ಕಳಿಸುವ ಉಪಕರಣವಿಲ್ಲದೆ ಬಂದರು ಬಿಡುವಂತಿಲ್ಲ.

ಈಗ ಇನ್‌ಮಾರ್‌ಸ್ಯಾಟ್ ಕಥೆ ಕೇಳಿ. ಅದು ಹುಟ್ಟಿದಾಗ ಹಲವು ಸರ್ಕಾರಗಳು ಸೇರಿ ನಡೆಸುವ ಸಂಸ್ಥೆ. 1999ರಲ್ಲಿ ಖಾಸಗಿಯಾಯಿತು. ಕಂಪನಿಗೆ ಕೊಟ್ಟು ಕೈತೊಳೆದುಕೊಂಡರೇ? ಇಲ್ಲ. ಐಎಂಎಸ್‌ಒ ಎಂಬ ಸರ್ಕಾರಗಳ ಸಂಸ್ಥೆಯೊಂದನ್ನು ಉಳಿಸಿಕೊಂಡರು. ಅದರ ಕೆಲಸ ಒಂದೇ: ಕಂಪನಿ ಲಾಭ ಮಾಡಲಿ, ಆದರೆ ಅಪಾಯದ ಕರೆಯ ಸೇವೆ ನಿಲ್ಲದಂತೆ ಕಾವಲು ಕಾಯುವುದು. ಇರಿಡಿಯಂಗೆ ಹಡಗುಗಳ ಈ ಜೀವರಕ್ಷಣೆ ಸೇವೆ ಕೊಡಲು ಮಾನ್ಯತೆ ಸಿಕ್ಕಿದ್ದು 2018ರಲ್ಲಿ. 1990ರ ದಶಕದಿಂದ ಉಪಗ್ರಹ ಓಡಿಸುತ್ತಿದ್ದರೂ ಅಷ್ಟು ವರ್ಷ ಬೇಕಾಯಿತು. ಸ್ಪೀಡು ತೋರಿಸಿದರೆ ಸಾಲದು, ಎಂದೂ ಕೈಕೊಡುವುದಿಲ್ಲ ಎಂದು ತೋರಿಸಬೇಕು.

ಸಮುದ್ರದಲ್ಲಿ ಮೊದಲು ಹೊಣೆ ಒಪ್ಪಿಕೊಳ್ಳಬೇಕು, ಆಮೇಲೆ ವ್ಯಾಪಾರ. ನಮ್ಮ ಹಳ್ಳಿಗೆ ಬರುವಾಗ ಮೊದಲು ವ್ಯಾಪಾರ, ಹೊಣೆಯ ಮಾತೇ ಇಲ್ಲ.

ವಿಮಾನ ಕಳೆದುಹೋದಾಗ

ವಿಮಾನದ ಕಥೆಯೂ ಬೇರೆ ಅಲ್ಲ. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಎಂಎಚ್370 ವಿಮಾನ 239 ಜನರೊಂದಿಗೆ ಕಾಣೆಯಾಯಿತು. ಅದರ ಉಳಿದ ಸಂಪರ್ಕವೆಲ್ಲ ಕಡಿದ ಮೇಲೂ ಮೇಲಿದ್ದ ಇನ್‌ಮಾರ್‌ಸ್ಯಾಟ್ ಪೆಟ್ಟಿಗೆ ಮಾತ್ರ ಸುಮಾರು ಗಂಟೆಗೊಮ್ಮೆ 'ಇದ್ದೀಯಾ?' ಎಂಬ ಪ್ರಶ್ನೆಗೆ 'ಇದ್ದೇನೆ' ಎಂದು ಉತ್ತರ ಕೊಡುತ್ತಿತ್ತು. ಎಲ್ಲಿದ್ದೇನೆ ಅಂತ ಹೇಳುತ್ತಿರಲಿಲ್ಲ. ಆ ಉತ್ತರಗಳು ಬರಲು ಹಿಡಿದ ಸಮಯ ಲೆಕ್ಕ ಹಾಕಿಯೇ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಡುಕಿದರು.

ನಮ್ಮ ದೇಶದ್ದೇ ಇನ್ನೊಂದು. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಮಾಯವಾಯಿತು. ಅದರ ಅವಶೇಷ 3,400 ಮೀಟರ್ ಆಳದಲ್ಲಿ ಇದೆ ಎಂದು ಪ್ರಕಟವಾಗಿದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ ಮನೆಗಳವರು ಕಾದರು.

ಎಂಎಚ್370 ಆದ ಮೇಲೆ ಜಗತ್ತು ಸುಮ್ಮನೆ ಕೂರಲಿಲ್ಲ. 2018ರ ನವೆಂಬರ್‌ನಿಂದ ಸಾಗರದ ಮೇಲೆ ಹಾರುವ ದೊಡ್ಡ ಪ್ರಯಾಣಿಕ ವಿಮಾನ ಎಲ್ಲಿದೆ ಎಂದು 15 ನಿಮಿಷಕ್ಕೊಮ್ಮೆಯಾದರೂ ವಿಮಾನ ಕಂಪನಿಗೆ ಗೊತ್ತಿರಬೇಕೆಂಬ ನಿಯಮ ಬಂತು. ಅಪಾಯಕ್ಕೆ ಸಿಲುಕಿದ ವಿಮಾನ ನಿಮಿಷಕ್ಕೊಮ್ಮೆ ತಾನಾಗಿಯೇ ಜಾಗ ಹೇಳಬೇಕೆಂಬ ನಿಯಮ ಹೊಸ ದೊಡ್ಡ ವಿಮಾನಗಳಿಗೆ ಬಂತು.

ವಿಮಾನದಲ್ಲಿ ಕೂತವರ ಅನುಕೂಲಕ್ಕೂ ಕೊರತೆಯಾಗಲಿಲ್ಲ. 3,000 ಮೀಟರ್ ಮೇಲೆ ಹಾರುವಾಗ ಫೋನು, ಇಂಟರ್ನೆಟ್ ಬಳಸಲು ಭಾರತ ಸರ್ಕಾರ 2018ರಲ್ಲೇ ವಿಮಾನ ಮತ್ತು ಹಡಗು ಸಂಪರ್ಕ ನಿಯಮ ತಂದಿತು. 2024ರ ನವೆಂಬರ್ 19ರಂದು ಅಮೆರಿಕದಿಂದ ಹಾರಿಸಿದ ಜಿಸ್ಯಾಟ್-ಎನ್2 ಉಪಗ್ರಹದ ಕೆಲಸಗಳಲ್ಲಿ ವಿಮಾನದೊಳಗೆ ಇಂಟರ್ನೆಟ್ ಕೊಡುವುದೂ ಒಂದು. ನಮ್ಮ ತಲೆ ಮೇಲೆ ಮೂವತ್ತೈದು ಸಾವಿರ ಅಡಿಯಲ್ಲಿ ಹೋಗುವವರು ರೀಲ್ಸ್ ನೋಡಲಿ, ಬೇಡ ಅನ್ನುವವರು ಯಾರು? ಕೆಳಗಿರುವವನಿಗೂ ಒಂದು ಕೂಗಿನ ದಾರಿ ಇರಲಿ ಎನ್ನುವುದಷ್ಟೇ ನಮ್ಮ ಮಾತು.

ಮಲ್ಪೆಯ ಏಳು ಜನ

ಹೊಣೆಯ ಗೆರೆಯಿಂದ ಹೊರಗೆ ಉಳಿದವರ ಗತಿ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ಬೋಟಿನಲ್ಲಿ ಏಳು ಜನ ಇದ್ದರು, ಉಡುಪಿ ಮತ್ತು ಉತ್ತರ ಕನ್ನಡದವರು. 15ರ ರಾತ್ರಿಯ ನಂತರ ಸಂಪರ್ಕ ಕಡಿಯಿತು. ಜನವರಿ 6ರಂದು ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದು 'ನಮ್ಮವರನ್ನು ಹುಡುಕಿ ಕೊಡಿ' ಎಂದರು. ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಸಮುದ್ರದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದಾಗ ಮೇ ತಿಂಗಳು ಬಂದಿತ್ತು. ಏಳೂ ಜನ ಮನೆಗೆ ಮರಳಲಿಲ್ಲ.

ಅದೇ ಅರಬ್ಬೀ ಸಮುದ್ರದಲ್ಲಿ ಅದೇ ವಾರ ಓಡಾಡಿದ ದೊಡ್ಡ ಸರಕು ಹಡಗುಗಳೆಲ್ಲ ಸೋಲಾಸ್ ನಿಯಮದೊಳಗೆ ಇದ್ದವು. ಮೀನುಗಾರಿಕೆ ಬೋಟು ಆ ನಿಯಮದೊಳಗೆ ಬರುವುದಿಲ್ಲ. ಸಮುದ್ರ ಒಂದೇ, ಆಕಾಶ ಒಂದೇ, ಮೇಲಿನ ಉಪಗ್ರಹವೂ ಒಂದೇ. ವ್ಯತ್ಯಾಸ ಇದ್ದದ್ದು ಕಾಗದದಲ್ಲಿ.

ಮೀನುಗಾರರಿಗೆ ಏನೂ ಇರಲಿಲ್ಲ ಎಂದರೆ ತಪ್ಪಾದೀತು. ಇಸ್ರೊ ಮಾಡಿದ 'ಡ್ಯಾಟ್' ಎಂಬ ಅಪಾಯ ಸೂಚಕ 2010ರಿಂದ ಬಳಕೆಯಲ್ಲಿದೆ. ದೇಶದಲ್ಲಿ 20,000ಕ್ಕೂ ಹೆಚ್ಚು ಬಳಕೆಯಾಗುತ್ತಿವೆ ಎಂದು ಇಸ್ರೊ ಹೇಳಿದೆ. ಗುಂಡಿ ಒತ್ತಿದರೆ ಕೂಗು ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ಅದರ ಕೊರತೆ ಒಂದೇ ಆಗಿತ್ತು. ಕೂಗು ಮುಟ್ಟಿತೋ ಇಲ್ಲವೋ ಎಂದು ಒತ್ತಿದವನಿಗೆ ಗೊತ್ತಾಗುತ್ತಿರಲಿಲ್ಲ.

ಮೊಳಕಾಲ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಎರಡು ಸಾವಿರ ವರ್ಷ ದಾಟಿದರೂ ಅಳಿಸಿಲ್ಲ. ಆದರೆ ಬಂಡೆಗೆ ಹೇಳಲು ಬರುತ್ತದೆ, ಕೇಳಲು ಬರುವುದಿಲ್ಲ. ಒಮ್ಮುಖ ಸಂಪರ್ಕ ಎಂದರೆ ಅಷ್ಟೇ.

ಮಲ್ಪೆಯ ಘಟನೆಗೆ ಒಂದು ವರ್ಷ ಮೊದಲು, 2017ರ ಕೊನೆಯಲ್ಲಿ, ಓಖಿ ಚಂಡಮಾರುತ ಕೇರಳ ಮತ್ತು ತಮಿಳುನಾಡಿನ ಮೀನುಗಾರರನ್ನು ನುಂಗಿತ್ತು. ಇಷ್ಟೆಲ್ಲ ಆದ ಮೇಲೆ ಇಸ್ರೊ ಎರಡನೇ ತಲೆಮಾರಿನ ಡ್ಯಾಟ್ ಮಾಡಿತು. ಈಗ 'ನಿನ್ನ ಕೂಗು ಮುಟ್ಟಿದೆ' ಎಂಬ ಉತ್ತರ ಬರುತ್ತದೆ. ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿ ತನ್ನ ಭಾಷೆಯಲ್ಲೇ ಓದಬಹುದು. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಲ್ಲಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಉಪಗ್ರಹ ಟ್ರಾನ್ಸ್‌ಪಾಂಡರ್ ಹಾಕಲು ಸುಮಾರು 360 ಕೋಟಿ ರೂಪಾಯಿ ಇದೆ.

ಮೀನುಗಾರರಿಗೆ ಇದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಜೀವ ಕೊಟ್ಟು, ಹೆದ್ದಾರಿಯಲ್ಲಿ ಕೂತು ಪಡೆದದ್ದು.

ನಮ್ಮ ಕಾವಲೂ ಒಂದು ಒಣ ಸಮುದ್ರ

ಈಗ ನಮ್ಮ ಊರಿಗೆ ಬರೋಣ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಕೊಟ್ಟಿದೆ. ಭಾಭಾ ಅಣುಶಕ್ತಿ ಕೇಂದ್ರಕ್ಕೂ ಜಾಗ ಹೋಗಿದೆ. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆ ಬಂತು. ಹಸಿರು ನ್ಯಾಯಮಂಡಳಿವರೆಗೆ ಜಗಳ ಹೋಯಿತು. ಅದೆಲ್ಲ ನಿಮಗೆ ಗೊತ್ತಿರುವುದೇ. ಡಿಆರ್‌ಡಿಒ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು.

ಅಲ್ಲಿಂದ ಹಾರಿದ ವಿಮಾನ ಒಮ್ಮೊಮ್ಮೆ ಬೀಳುತ್ತದೆ. ಪರೀಕ್ಷೆ ಎಂದ ಮೇಲೆ ಅದು ಸಹಜ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಎರಡೂ ಸಲ ಸುದ್ದಿ ದೆಹಲಿಯವರೆಗೆ ಹೋಯಿತು. ಅದೇ ಹೊಲದಲ್ಲಿ ಒಬ್ಬ ಮನುಷ್ಯ ಬಿದ್ದರೆ ಸುದ್ದಿ ಎಲ್ಲಿಯವರೆಗೆ ಹೋದೀತು?

ಗೋಡೆಯ ಹೊರಗೆ ಉಳಿದ ಕಾವಲಿನಲ್ಲಿ, ಮೊಳಕಾಲ್ಮೂರಿನ ಗುಡ್ಡಗಳ ಮಗ್ಗುಲಲ್ಲಿ, ಇವತ್ತಿಗೂ ಮ್ಯಾಸಬೇಡರ ದೇವರ ಎತ್ತು ಕಾಯುವ ಕಿಲಾರಿಗಳಿದ್ದಾರೆ. ಗೊಲ್ಲರಹಟ್ಟಿಯವರು, ಕುರುಬರು ಕುರಿ ಹೊಡೆದುಕೊಂಡು ವಾರಗಟ್ಟಲೆ ಊರು ಬಿಟ್ಟಿರುತ್ತಾರೆ. ರಾತ್ರಿ ಯಾರದೋ ಹೊಲದಲ್ಲಿ ಮಂದೆ ಹಾಕಿ ಮಲಗುತ್ತಾರೆ. ಮುಂಗಾರು ಶುರುವಾಗುವ ಮೊದಲ ಮಳೆಗಳಲ್ಲಿ ಸಿಡಿಲು ಬಡಿಯುವುದು ಬಯಲಿನಲ್ಲಿ ನಿಂತವನಿಗೆ. ಸಿಡಿಲಿನ ಮುನ್ಸೂಚನೆಗೆ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಕೇಂದ್ರದ 'ದಾಮಿನಿ' ಆ್ಯಪ್ ಇದೆ. ಒಳ್ಳೆಯ ಆ್ಯಪ್‌ಗಳೇ. ಆದರೆ ಅವು ಮಾತಾಡುವುದು ನೆಟ್‌ವರ್ಕ್ ಇರುವ ಫೋನಿನ ಜೊತೆ. 2023ರಲ್ಲಿ ನಿಮ್ಮ ಫೋನುಗಳೆಲ್ಲ ಒಮ್ಮೆಲೇ ಪೀಂ ಪೀಂ ಎಂದು ಕೂಗಿದ್ದು ನೆನಪಿದೆಯೇ? ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಅದು ಬಂದದ್ದೂ ಟವರಿನಿಂದಲೇ. ಟವರಿನ ನೆರಳು ಬೀಳದ ಕಡೆ ಆ ಪೀಂ ಪೀಂ ಕೇಳುವುದಿಲ್ಲ.

ಸಮುದ್ರಕ್ಕೂ ನಮ್ಮ ಕಾವಲಿಗೂ ಏನು ವ್ಯತ್ಯಾಸ ಹೇಳಿ. ಅಲ್ಲೂ ಟವರಿಲ್ಲ, ಇಲ್ಲೂ ಟವರಿಲ್ಲದ ಜಾಗಗಳಿವೆ. ಅಲ್ಲೂ ತಲೆ ಮೇಲೆ ಬರೀ ಆಕಾಶ, ಇಲ್ಲೂ ಮರದ ಅಡ್ಡಿಯಿಲ್ಲದ ಬರೀ ಆಕಾಶ. ಉಪಗ್ರಹದ ಕಣ್ಣಿಗೆ ಎರಡೂ ಒಂದೇ.

'ಆದರೆ...' ಎನ್ನುವವರಿಗೆ

'ಟವರುಗಳು ಬರ್ತಾ ಇವೆಯಲ್ಲ' ಎನ್ನುತ್ತಾರೆ. ನಿಜ. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಲೆಕ್ಕ ಹಿಡಿದಿರುವುದು ಹಳ್ಳಿಗಳನ್ನು. ಹಳ್ಳಿ ಎಂದರೆ ಮನೆಗಳಿರುವ ಜಾಗ. ಸಿಡಿಲು ಹೊಡೆಯುವುದು, ಹಾವು ಕಚ್ಚುವುದು ಮನೆಗಳಿಲ್ಲದ ಜಾಗದಲ್ಲಿ. ಟವರು ಬಂದರೂ ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಅದು ಕಬ್ಬಿಣದ ಕಂಬ.

'ಸ್ಯಾಟಲೈಟ್ ಫೋನು ಭಯೋತ್ಪಾದಕರ ಕೈಗೆ ಸಿಕ್ಕರೆ?' ಎನ್ನುತ್ತಾರೆ. ಈ ಭಯಕ್ಕೆ ಕಾರಣವಿದೆ. ಮುಂಬೈ ದಾಳಿಯಲ್ಲಿ ಅಂಥ ಫೋನು ಬಳಕೆಯಾಗಿತ್ತು. ಅದಕ್ಕೇ ನಮ್ಮಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನು ಇಟ್ಟುಕೊಳ್ಳುವುದು ಅಪರಾಧ. ಇರಲಿ. ನಾವು ಕೇಳುತ್ತಿರುವುದು ಗುಟ್ಟಾಗಿ ಮಾತಾಡುವ ಫೋನನ್ನಲ್ಲ. ಹೆಸರು ನೋಂದಾಯಿಸಿದ, ಒತ್ತಿದರೆ ಸರ್ಕಾರದ ಕೇಂದ್ರಕ್ಕೇ ಹೋಗುವ, ಎಲ್ಲಿದ್ದೇನೆ ಎಂದು ತಾನೇ ಹೇಳುವ ಪೆಟ್ಟಿಗೆ. ಅಡಗಿಕೊಳ್ಳಲು ಬಯಸುವವನು ಅದನ್ನು ಮುಟ್ಟುವುದಿಲ್ಲ.

'ಸುಮ್‌ಸುಮ್ಮನೆ ಗುಂಡಿ ಒತ್ತಿದರೆ?' ಎನ್ನುತ್ತಾರೆ. ಹಡಗು, ವಿಮಾನದ ಪೆಟ್ಟಿಗೆಗಳಿಂದ ಬರುವ ಕೂಗುಗಳಲ್ಲೂ ಬಹುಪಾಲು ಕೈತಪ್ಪಿ ಒತ್ತಿದ್ದೇ. ಅದಕ್ಕಾಗಿ ಯಾರೂ ಆ ವ್ಯವಸ್ಥೆ ಮುಚ್ಚಿಲ್ಲ. ಪೆಟ್ಟಿಗೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಫೋನ್ ಮಾಡಿ ಕೇಳುತ್ತಾರೆ, ಅಷ್ಟೇ.

'ದುಡ್ಡು ಎಲ್ಲಿಂದ?' ಇದು ಕೊನೆಯ ಪ್ರಶ್ನೆ. ದುಡ್ಡು ಈಗಾಗಲೇ ನಿಮ್ಮ ಜೇಬಿನಿಂದ ಹೋಗುತ್ತಿದೆ. ಹಳ್ಳಿಗಳ ಸಂಪರ್ಕಕ್ಕೆಂದು ಫೋನ್ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಆದಾಯದ 5%ರಷ್ಟು ಪಾಲನ್ನು ಒಂದು ನಿಧಿಗೆ ಕಟ್ಟುತ್ತವೆ. ಹಳೆಯ ಹೆಸರು ಯುಎಸ್‌ಒ ನಿಧಿ, ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಯ ಆದಾಯ ಎಂದರೆ ನಮ್ಮ ರೀಚಾರ್ಜೇ ಅಲ್ಲವೇ? ಟವರಿಲ್ಲದ ಕಡೆ ಮಂದೆ ಹಾಕಿ ಮಲಗುವವನೂ ಆ ನಿಧಿಗೆ ತನ್ನ ಪಾಲು ಕಟ್ಟಿದ್ದಾನೆ.

ತಂತ್ರಜ್ಞಾನ ಸಿದ್ಧವಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಮತ್ತು ವಯಾಸ್ಯಾಟ್ ಸೇರಿ 36,000 ಕಿ.ಮೀ. ದೂರದ ಉಪಗ್ರಹದ ಮೂಲಕ ಆಂಡ್ರಾಯ್ಡ್ ಫೋನಿನಿಂದ ಸಂದೇಶ ಮತ್ತು ಅಪಾಯದ ಕರೆ ಕಳಿಸಿ ತೋರಿಸಿದವು. 2023ರಲ್ಲಿ ಇನ್‌ಮಾರ್‌ಸ್ಯಾಟ್ ಅನ್ನು ಕೊಂಡ ಕಂಪನಿಯೇ ವಯಾಸ್ಯಾಟ್. ಹಡಗಿಗೆಂದು ಹುಟ್ಟಿದ ವ್ಯವಸ್ಥೆ ಈಗ ಕೈಯಲ್ಲಿ ಹಿಡಿಯುವ ಫೋನಿಗೂ ಮುಟ್ಟುತ್ತದೆ ಎಂದಾಯಿತು.

ಕೇಳಬೇಕಾದ್ದು ಮೂರು

ಒಂದು. ಉಪಗ್ರಹ ಕಂಪನಿಗಳಿಗೆ ತರಂಗಾಂತರವನ್ನು ಹರಾಜಿಲ್ಲದೆ ಸರ್ಕಾರವೇ ಹಂಚುತ್ತದೆ. 2023ರ ದೂರಸಂಪರ್ಕ ಕಾಯ್ದೆ ಹಾಗೆಂದು ಹೇಳುತ್ತದೆ. ಹರಾಜಿಲ್ಲದೆ ಪಡೆಯುವವರಿಗೆ ಒಂದು ಷರತ್ತು ಹಾಕಲಿ. ಉಪಗ್ರಹಕ್ಕೆ ಮುಟ್ಟಬಲ್ಲ ಯಾವ ಫೋನಿನಿಂದ ಅಪಾಯದ ಸಂದೇಶ ಬಂದರೂ, ಪ್ಲಾನ್ ಇರಲಿ ಬಿಡಲಿ, ಪುಕ್ಕಟೆ ಮುಟ್ಟಿಸಬೇಕು. ಸಮುದ್ರದಲ್ಲಿ ಇನ್‌ಮಾರ್‌ಸ್ಯಾಟ್‌ಗೆ ಹಾಕಿದ ಷರತ್ತಿನ ತಮ್ಮ ಇದು.

ಎರಡು. ಮೀನುಗಾರರಿಗೆ ಮಾಡಿದ ಎರಡನೇ ತಲೆಮಾರಿನ ಡ್ಯಾಟ್ ಅನ್ನು ನೆಲದ ಮೇಲೂ ಪರೀಕ್ಷಿಸಲಿ. ಕುರಿಗಾಹಿಗಳ ಒಂದು ಮಂದೆಗೆ ಒಂದು, ಕಿಲಾರಿಗಳ ಒಂದು ಗೂಡಿಗೆ ಒಂದು ಸಾಕು. ಮೊದಲ ಪರೀಕ್ಷೆ ಚಳ್ಳಕೆರೆ, ಮೊಳಕಾಲ್ಮೂರಿನಲ್ಲೇ ಆಗಲಿ. ವಿಮಾನ ಪರೀಕ್ಷಿಸಲು ಕಾವಲು ಕೊಟ್ಟ ಊರುಗಳಿವು. ಇಸ್ರೊಗೂ ಇಲ್ಲಿ 573 ಎಕರೆ ಇದೆ, ದಾರಿ ಹುಡುಕಿಕೊಂಡು ಬರಬೇಕಾಗಿಲ್ಲ.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು. ಕೂಗು ಬಂದಾಗ ಎದ್ದು ಕೂರಬೇಕಾದವರು ಯಾರು ಎಂದು ಆದೇಶದಲ್ಲಿ ಬರೆಯಲಿ. ಸಮುದ್ರದಲ್ಲಿ ಕೋಸ್ಟ್ ಗಾರ್ಡ್ ಇದೆ. ಇಲ್ಲಿ ತಹಶೀಲ್ದಾರರೋ, 112 ಕೇಂದ್ರವೋ, ತಾಲ್ಲೂಕು ಆಸ್ಪತ್ರೆಯೋ? ಎಷ್ಟು ನಿಮಿಷದಲ್ಲಿ 'ಮುಟ್ಟಿದೆ, ಬರುತ್ತಿದ್ದೇವೆ' ಎಂಬ ಉತ್ತರ ಹೋಗಬೇಕು? ಇದಿಲ್ಲದೆ ಎಂಥ ಉಪಗ್ರಹ ತಂದರೂ ಕ್ಯಾಲಿಫೋರ್ನಿಯನ್ ಹಡಗಿನ ಕಥೆಯೇ. ಯಂತ್ರ ಇರುತ್ತದೆ, ಕೇಳುವವನು ಮಲಗಿರುತ್ತಾನೆ.

ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನು ಠರಾವು ಪುಸ್ತಕದಲ್ಲಿ ಬರೆಸಿ. ಪಿಡಿಒ 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಎನ್ನಬಹುದು. ವ್ಯಾಪ್ತಿಗೆ ಬರದಿದ್ದರೂ ಠರಾವು ಮಾಡಿ ಮೇಲಕ್ಕೆ ಕಳಿಸಲು ಅಡ್ಡಿ ಏನಿದೆ ಎಂದು ಕೇಳಿ. ಪ್ರತಿಯನ್ನು ಜಿಲ್ಲಾಧಿಕಾರಿಗೆ, ಸಂಸದರಿಗೆ, ಶಾಸಕರಿಗೆ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಸ್ಟಾರ್‌ಲಿಂಕ್ ಪ್ಲಾನಿನ ದರ ಎಷ್ಟು ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಕೂಗಿದರೆ ಏಳುವವರು ಯಾರು ಎಂದು ನಾವು ಕೇಳೋಣ.